ಇಪ್ಪತ್ತನೆಯ ಸೀಸೆ

ಹಗೇವಿನ ಬಾಯಿಗೆ ಮುಚ್ಚಿದ್ದ ಚಪ್ಪಡಿಯನ್ನು ಪಕ್ಕಕ್ಕೆ ಜರುಗಿಸಿದ ಕೂಡಲೇ ಒಳಗಿನಿಂದೆದ್ದ ವಾಸನೆಗೆ ಪಾಲಪ್ಪ ಒಂದು ಕ್ಷಣ ಏಳು ವರ್ಷದ ಹುಡುಗನಾದ. ಹಳೇ ರಾಗಿ, ಬೆಚ್ಚಗಿನ ಮಣ್ಣು, ಒಣಹುಲ್ಲು ಎಲ್ಲ ಸೇರಿ ಮೂಗಿಗೆ ಗುದ್ದುವ ವಾಸನೆ. ಆಗೆಲ್ಲ ಅಪ್ಪ ಈ ನೆಲದೊಳಗಿನ ಕಣಜವನ್ನು ತೆಗೆದಾಗ ಮೊದಲು ದೀಪ ಇಳಿಸಿ ನೋಡುತ್ತಿದ್ದ. ದೀಪ ಆರದಿದ್ದರೆ ಮಗನ ಸೊಂಟಕ್ಕೆ ಹಗ್ಗ ಕಟ್ಟಿ ಇಳಿಸುತ್ತಿದ್ದ. ಈಗ ಹಗ್ಗ ಕಟ್ಟುವವರು ಯಾರೂ ಇರಲಿಲ್ಲ. ಅರವತ್ತಾರು ವರ್ಷದ ಪಾಲಪ್ಪ ಲಾಟೀನನ್ನು ಇಳಿಬಿಟ್ಟು, ಅದು ಉರಿಯುತ್ತಲೇ ಇರುವುದನ್ನು ಕಂಡು, ಅಂಚಿನಲ್ಲಿ ಕೂತು ಎರಡು ಕಾಲನ್ನೂ ಒಳಕ್ಕೆ ಬಿಟ್ಟ.

"ಅಯ್ಯಯ್ಯೋ! ಬಾವ ಗುಂಡಿಗೆ ಬೀಳ್ತಾವ್ನೆ, ಹಿಡ್ಕಳ್ರೋ!"

ಕೂಗಿದವನು ಹೆಂಡತಿಯ ತಮ್ಮ ಓಬಳಯ್ಯ. ವೈ.ಎನ್. ಹೊಸಕೋಟೆಯಿಂದ ರಾತ್ರಿಯೆಲ್ಲ ಗಾಡಿಯಲ್ಲಿ ಬಂದು ಆಗತಾನೆ ಇಳಿದಿದ್ದ. ಕಂಕುಳಲ್ಲಿ ತವರಿನ ಸೀರೆಯ ಗಂಟು. ಅವನ ಕೂಗಿಗೆ ನಾಲ್ಕು ಜನ ಓಡಿಬಂದು ಪಾಲಪ್ಪನ ರಟ್ಟೆ, ಕುತ್ತಿಗೆ, ಪಂಚೆ, ಸಿಕ್ಕಿದ್ದನ್ನೆಲ್ಲ ಹಿಡಿದು ಎಳೆದರು.

"ಬುಡ್ರಯ್ಯ! ಸಾಯಕ್ಕೆ ಇಳೀತಿಲ್ಲ ನಾನು."

"ಎಲ್ರೂ ಅಂಗೇ ಅನ್ನೋದು," ಎಂದ ಓಬಳಯ್ಯ, ಹಿಡಿತ ಬಿಡದೆ. "ಅಕ್ಕಯ್ಯಂಗೆ ಗುಂಡಿ ಅಲ್ಲಿ ತೋಟದ ಕಡೆ ತೋಡ್ತಾವ್ರೆ. ನೀನು ಇಲ್ಲಿ ಬ್ಯಾರೆ ಗುಂಡಿಗೆ ಇಳಿದ್ರೆ ಹೆಂಗೆ?"

"ಒಂದು ಸೀಸೆ ಐತೆ ಕಣಪ್ಪ ಒಳಗೆ. ನಿಮ್ಮಕ್ಕಂದು. ತಗೊಂಡು ಬತ್ತೀನಿ."

ಕೊನೆಗೆ ಅವನ ಎರಡು ಕೈಗಳನ್ನು ಇಬ್ಬರು ಹಿಡಿದುಕೊಂಡೇ ಒಳಕ್ಕೆ ಇಳಿಸಿದರು. ತಳದಲ್ಲಿ, ಮರಳಿನ ಮೇಲೆ, ಹುಲ್ಲಿನ ಹಾಸಿಗೆಯಲ್ಲಿ ಕಪ್ಪು ಸೀಸೆಯೊಂದು ಅಡ್ಡ ಮಲಗಿತ್ತು. ಅದರ ಅಕ್ಕಪಕ್ಕ ಹತ್ತೊಂಬತ್ತು ಖಾಲಿ ಗುರುತುಗಳು.

ಹಗೇವು ಇದ್ದದ್ದು ಮಧುಗಿರಿಯ ಪ್ರವಾಸಿ ಬಂಗಲೆಯ ಹಿಂದಿನ ಸಣ್ಣ ಮನೆಯ ಹಿತ್ತಲಲ್ಲಿ. ಪಾಲಪ್ಪ ಆ ಬಂಗಲೆಯ ಮೇಟಿ. ಬೀಗದ ಕೈ ಇಟ್ಟುಕೊಳ್ಳುವುದು, ಬಂದ ಅಧಿಕಾರಿಗಳಿಗೆ ಅಡಿಗೆ ಮಾಡಿ ಬಡಿಸುವುದು, ಅವರ ಬೂಟಿನ ಮಣ್ಣು ಕೊಡಹುವುದು, ಇಷ್ಟರಲ್ಲಿ ಅವನ ಆಯಸ್ಸು ಕಳೆದಿತ್ತು. ಮಕ್ಕಳಿರಲಿಲ್ಲ. ಹೆಂಡತಿ ಆಂಜಿನಮ್ಮ ಹಿಂದಿನ ದಿನ ಬೆಳಗಾಗುವಾಗ ಜ್ವರದಲ್ಲಿ ತೀರಿಕೊಂಡಿದ್ದಳು. ಮುತ್ತೈದೆಯಾಗಿ ಹೋದವಳಿಗೆ ತವರಿನ ಸೀರೆ ಉಡಿಸದೆ ಹೆಣ ಎತ್ತುವ ಹಾಗಿಲ್ಲ. ಹಾಗಾಗಿ ಎಲ್ಲರೂ ಓಬಳಯ್ಯನ ದಾರಿ ಕಾದಿದ್ದರು.

ಪಾಲಪ್ಪ ಹೆಗಲ ಮೇಲಿನ ವಸ್ತ್ರದಿಂದ ಸೀಸೆಯ ಧೂಳೊರೆಸುತ್ತಾ ಮುಂದಿನ ಅಂಗಳಕ್ಕೆ ಬಂದ. ಜಗುಲಿಯ ಮೇಲೆ ಆಂಜಿನಮ್ಮ ಮಲಗಿದ್ದಳು. ಕೆನ್ನೆಗೆ ಅರಿಸಿನ, ಹಣೆಗೆ ಕಾಸಿನಗಲ ಕುಂಕುಮ. ತಲೆಯ ಬಳಿ ಕೂತಿದ್ದ ಸೂಲಗಿತ್ತಿ ನರಸಿಂಹಮ್ಮ ಕಣ್ಣೊರೆಸಿಕೊಂಡು ಕೇಳಿದಳು:

"ಇದೇನಾ ಕೊನೇದು?"

"ಇದೇ ಕಣಕ್ಕ," ಎಂದ ಪಾಲಪ್ಪ. ಎಲ್ಲರಿಗೂ ಕೇಳುವಂತೆ, ಆದರೆ ಯಾರ ಮುಖವನ್ನೂ ನೋಡದೆ ಮುಂದುವರಿಸಿದ. "ಇವ್ಳಿಗೆ ಇದ್ರಾಗೆ ಒಂದು ಲೋಟ ಪೂರ್ತಿ ಕೊಡ್ತೀನಿ ಅಂತ ಮಾತು ಕೊಟ್ಟಿದ್ದೆ. ಕೊಟ್ಟೇ ಕಳಿಸ್ಬೇಕು."

ಓಬಳಯ್ಯ ಸೀಸೆಯನ್ನು ಇಸಿದುಕೊಂಡು ಬಿಸಿಲಿಗೆ ಹಿಡಿದ. "ಏಮಿ ಬಾವಾ ಇದಿ? ಔಷಧನಾ?"

"ಬೀರು. ದೊರೆಗಳು ಕುಡಿಯೋ ಕರೀ ಬೀರು."

ಓಬಳಯ್ಯ ಸೀಸೆಯನ್ನು ಕೆಂಡ ಮುಟ್ಟಿದವನಂತೆ ಜಗುಲಿಯ ಮೇಲಿಟ್ಟ. ನಾಲ್ಕು ವರ್ಷದ ಹಿಂದೆ ತಿರುಪತಿಯಲ್ಲಿ ತುಳಸಿ ಮಣಿ ಹಾಕಿಸಿಕೊಂಡು, ಮಾಂಸ ಹೆಂಡ ಎರಡನ್ನೂ ಬಿಟ್ಟವನು ಅವನು. ತಾನು ಬಿಟ್ಟಿದ್ದನ್ನು ಬೇರೆಯವರೂ ಬಿಡಬೇಕೆಂದು ಆ ನಾಲ್ಕು ವರ್ಷವೂ ಬಿಡದೆ ಹೇಳುತ್ತಿದ್ದ.

"ಮುತ್ತೈದೆ ಬಾಯಿಗೆ ಬೀರಾ? ರಾಮ ರಾಮ! ತವರಿನವನು ನಾನು ಒಪ್ಪಾಕಿಲ್ಲ," ಎಂದು ಸೀರೆಯ ಗಂಟನ್ನು ಕಂಕುಳಲ್ಲಿ ಇನ್ನಷ್ಟು ಬಿಗಿಮಾಡಿಕೊಂಡ.

ಅವನು ಒಪ್ಪದೆ ಸೀರೆ ಬಿಚ್ಚುವಂತಿಲ್ಲ. ಸೀರೆ ಬಿಚ್ಚದೆ ಹೆಣ ಎತ್ತುವಂತಿಲ್ಲ. ಪಾಲಪ್ಪ ಸೀಸೆಯ ಪಕ್ಕದಲ್ಲಿ ಕೂತುಬಿಟ್ಟ.

*

ಸಾವಿರದ ಒಂಬೈನೂರ ಇಪ್ಪತ್ತನೇ ಇಸವಿ ಸಂಕ್ರಾಂತಿಗೆ ಮುಂಚಿನ ವಾರ ಬಂಗಲೆಗೆ ಬಂದಿಳಿದ ದೊರೆಯ ಹೆಸರು ಊರಿನಲ್ಲಿ ಯಾರ ನಾಲಿಗೆಗೂ ಹತ್ತಲಿಲ್ಲ. ಪುಟ್ಟ ಸುತ್ತಿಗೆ ಹಿಡಿದು ಮಧುಗಿರಿಯಿಂದ ಪಾವಗಡದವರೆಗೆ ಸಿಕ್ಕ ಸಿಕ್ಕ ಬಂಡೆಗೆ ಒಂದೊಂದು ಏಟು ಕೊಟ್ಟು, ಚೂರನ್ನು ಚೀಲಕ್ಕೆ ಹಾಕಿಕೊಳ್ಳುತ್ತಿದ್ದುದರಿಂದ ಕಲ್ಲುದೊರೆ ಎಂದೇ ಹೆಸರಾಯಿತು. ನಾಲ್ಕು ವರ್ಷ ಹುಡುಕಿದರೂ ಅವನಿಗೆ ಸಿಕ್ಕಿದ್ದು ಕಲ್ಲು ಮಾತ್ರ. ಆದರೆ ಬಹಳ ಮರ್ಯಾದಸ್ಥ. ಎದುರಿಗೆ ಬಂದ ಹೆಂಗಸರಿಗೆಲ್ಲ ಟೊಪ್ಪಿ ಎತ್ತುತ್ತಿದ್ದ. ಹಾಗಾಗಿ ನೀರಿಗೆ ಹೊರಟ ಹೆಂಗಸರು ಅವನನ್ನು ಕಂಡರೆ ಬೇರೆ ದಾರಿ ಹಿಡಿಯುತ್ತಿದ್ದರು.

ಅವನ ಗಾಡಿಯಲ್ಲಿ ಒಂದು ಮರದ ಪೆಟ್ಟಿಗೆಯಿತ್ತು. ಅದರೊಳಗೆ ಇಪ್ಪತ್ತು ಸೀಸೆ ಕರೀ ಬೀರು. ಇದನ್ನು ತಂದ ಕೂಡಲೇ ಕುಡಿಯಬಾರದು ಎಂದು ದೊರೆ ತನ್ನ ಮುರುಕು ಕನ್ನಡದಲ್ಲಿ ಪಾಲಪ್ಪನಿಗೆ ತಿಳಿಸಿದ. ತಣ್ಣಗಿನ ಕತ್ತಲಲ್ಲಿ ಮಲಗಿಸಿಡಬೇಕು. ವರ್ಷಕ್ಕೊಂದು, ಅದೇ ದಿನ ತೆಗೆಯಬೇಕು. ಪ್ರತಿ ವರ್ಷವೂ ರುಚಿ ಬೇರೆಯಾಗಿರುತ್ತದೆ. "ಸೀಸೆ ನಿದ್ದೆ ಮಾಡುತ್ತೆ. ನಿದ್ದೆಯಲ್ಲಿ ಬುದ್ಧಿ ಬರುತ್ತೆ," ಎಂದ.

ಬೇಸಿಗೆಯಲ್ಲಿ ಬೆಟ್ಟದ ಬಂಡೆಯೇ ಹಂಚಿನ ಹಾಗೆ ಕಾಯುವ ಊರಿನಲ್ಲಿ ತಣ್ಣಗಿನ ಜಾಗ ಎಲ್ಲಿಂದ ತರುವುದು ಎಂದು ಪಾಲಪ್ಪ ತಲೆ ಕೆರೆದುಕೊಂಡಾಗ, "ನಮ್ಮ ಹಗೇವು ಖಾಲಿ ಬಿದ್ದೈತಲ್ಲ, ಅಲ್ಲಿ ಮಲಗಿಸು," ಎಂದವಳು ಆಂಜಿನಮ್ಮ.

ದೊರೆ ಆ ಸಂಕ್ರಾಂತಿಯಂದು ಮೊದಲ ಸೀಸೆ ತೆಗೆದ. ಒಂದು ಗುಟುಕು ಕುಡಿಯುವುದು, ಕಣ್ಣು ಮುಚ್ಚುವುದು, ಪುಸ್ತಕದಲ್ಲಿ ಬರೆಯುವುದು. ಲೋಟ ತೊಳೆಯಲು ಒಳಕ್ಕೆ ಹೋದಾಗ ತಳದಲ್ಲಿ ಉಳಿದಿದ್ದನ್ನು ಆಂಜಿನಮ್ಮ ಬೆರಳಲ್ಲಿ ಅದ್ದಿ ನಾಲಿಗೆಗೆ ಇಟ್ಟುಕೊಂಡಳು. ಮರುವರ್ಷವೂ ಹಾಗೇ ಮಾಡಿದಳು. ಮೂರನೆಯ ವರ್ಷ ದೊರೆ ಎಷ್ಟು ಹೊತ್ತಾದರೂ ಬರೆಯದೆ ಪೆನ್ಸಿಲು ಕಚ್ಚುತ್ತಾ ಕೂತಿದ್ದ. ರುಚಿ ನಾಲಿಗೆಯ ಮೇಲಿದೆ, ಅದಕ್ಕೆ ಮಾತು ಸಿಗುತ್ತಿಲ್ಲ. ಆಗ ಬಾಗಿಲ ಹಿಂದಿನಿಂದ ಹೆಣ್ಣುದನಿ ಬಂತು:

"ತಳ ಹತ್ತಿದ ಪಾಯಸ."

ಪಾಲಪ್ಪ ಹೋಗಿ ಬಾಗಿಲಿಗೆ ಅಡ್ಡ ನಿಂತ. ದೊರೆ ಏನು ಎಂದು ಕೇಳಿದ. ಪಾಲಪ್ಪನಿಗೆ ವಿವರಿಸಲು ಬರಲಿಲ್ಲ. ಆಂಜಿನಮ್ಮ ಒಲೆ ಹಚ್ಚಿ, ಬೇಕೆಂದೇ ಪಾಯಸವನ್ನು ತಳ ಹತ್ತಿಸಿ, ಒಂದು ಬಟ್ಟಲಲ್ಲಿ ಕಳಿಸಿದಳು. ದೊರೆ ಒಂದು ಚಮಚ ಪಾಯಸ, ಒಂದು ಗುಟುಕು ಬೀರು, ಮತ್ತೆ ಪಾಯಸ, ಮತ್ತೆ ಬೀರು ಎಂದು ನೋಡಿ ಎದ್ದು ನಿಂತ. ತಲೆಯ ಮೇಲೆ ಟೊಪ್ಪಿ ಇರಲಿಲ್ಲ. ಕೋಣೆಗೆ ಹೋಗಿ ಟೊಪ್ಪಿ ಹಾಕಿಕೊಂಡು ಬಂದು, ಬಾಗಿಲ ಕಡೆ ತಿರುಗಿ, ಅದನ್ನು ಎತ್ತಿದ.

ಅಂದಿನಿಂದ ಆಂಜಿನಮ್ಮನಿಗೂ ಒಂದು ಚಮಚ ಸಿಗತೊಡಗಿತು.

ಪಾಲಪ್ಪ ಮಾತ್ರ ಮುಟ್ಟಲಿಲ್ಲ. ದೊರೆಗಳ ಕುಡಿತಕ್ಕೆ ಬಾಯಿ ಹಾಕಿದ ದಿನವೇ ಮೇಟಿಯ ಕೆಲಸ ಹೋದಂತೆ ಎಂದು ಅವನ ಅಪ್ಪ ಹೇಳಿದ್ದ. ಸಾವಿರಾರು ಸೀಸೆಗಳ ಬಿರಡೆ ಕಿತ್ತ ಆ ಕೈಯವನಿಗೆ ಒಂದು ಹನಿಯ ರುಚಿಯೂ ಗೊತ್ತಿರಲಿಲ್ಲ.

*

"ಬೀರು ಅನ್ನೋದು ಅತ್ಲಾಗಿರ್ಲಿ," ಎಂದ ಸಂಜೀವಯ್ಯ. ಶಂಖ ಜಾಗಟೆ ಹಿಡಿದು ಶಾಸ್ತ್ರ ನಡೆಸಲು ಬಂದಿದ್ದ ದಾಸಯ್ಯ ಅವನು. ಬಿಸಿಲು ಏರುತ್ತಿರುವುದೇ ಅವನ ಚಿಂತೆ. "ಹೆಂಡ ಇಷ್ಟಪಡೋರಿಗೆ ಹೆಂಡ ಇಟ್ಟಿದ್ದೀನಿ, ಬೀಡಿ ಸೇದೋರಿಗೆ ಬೀಡಿ ಕಟ್ಟು ಇಟ್ಟಿದ್ದೀನಿ. ಇದು ಯಾವಾಗಿಂದು?"

"ಹತ್ತೊಂಬತ್ತು ವರ್ಷದ್ದು."

ಮುಂದಿನ ಸಾಲಿನವರು ಸೀಸೆಯಿಂದ ಒಂದು ಗೇಣು ಹಿಂದಕ್ಕೆ ಸರಿದರು.

"ಕೇಳಿದ್ರಾ!" ಓಬಳಯ್ಯನಿಗೆ ಹೊಸ ಬಲ ಬಂತು. "ನೆನ್ನೆ ಮುದ್ದೇನೇ ಸತ್ತೋರ ಎಡೆಗೆ ಇಡಾಕಿಲ್ಲ. ಇದು ನನ್ನ ಮಗನಿಗಿಂತ ದೊಡ್ಡದು!"

"ನಿನ್ನ ಮಗ ಉಳಿದಿದ್ದೇ ಇದ್ರಿಂದ ಕಣ್ಲಾ ಓಬಳ," ಎಂದಳು ನರಸಿಂಹಮ್ಮ.

"ಏನಂದೆ?"

"ನಿನ್ನ ಹೆಂಡ್ತಿ ಇಲ್ಲಿ ಹೆತ್ತಾಗ ಎದೇಲಿ ಹಾಲು ಇಳೀಲಿಲ್ಲ, ನೆನಪೈತಾ? ನಿಮ್ಮಕ್ಕ ಮೂರು ದಿನ ಮೂರು ಚಮಚ ಕಪ್ಪು ಕಷಾಯ ಕುಡಿಸಿದ್ಲು. ಯಾವ ಕಷಾಯ ಅಂದ್ಕಂಡೆ? ಇವ್ಳು ಒಂದು ಚಮಚ ರುಚಿ ನೋಡಿ ಉಳಿದಿದ್ದನ್ನೆಲ್ಲ ಬೀದಿ ಬಾಣಂತೀರಿಗೆ ಹಂಚೋಳು."

ಅಂಗಳದಲ್ಲಿ ಕೂತಿದ್ದ ಹೆಂಗಸರಲ್ಲಿ ಏಳೆಂಟು ಜನ ಒಟ್ಟಿಗೆ ಬೆನ್ನು ನೆಟ್ಟಗೆ ಮಾಡಿದರು.

"ಅಂಗಾರೆ ನಾನು ಕುಡಿದಿದ್ದು...?" ಎಂದಳು ಒಬ್ಬಳು.

"ನೀನೂ ಕಣಮ್ಮ. ನಿಮ್ಮತ್ತೆನೂ."

ಆ ಅತ್ತೆ ಸೆರಗಿನಿಂದ ಬಾಯಿ ಒರೆಸಿಕೊಂಡಳು. ಆಗ ಕುಡಿದದ್ದು ಇನ್ನೂ ಮೂತಿಯ ಮೇಲೆ ಉಳಿದಿತ್ತೇನೋ ಎಂಬಂತೆ.

ಓಬಳಯ್ಯ ಕುತ್ತಿಗೆಯ ತುಳಸಿ ಮಣಿಯನ್ನು ಸವರಿಕೊಂಡ. ಆಮೇಲೆ, "ಆಗ ಹೊಸದಾಗಿತ್ತು. ಈಗ ಕೆಟ್ಟೋಗೈತೆ," ಎಂದ.

"ಹಳೇದಾದ್ರೆ ತಪ್ಪಿಲ್ಲಪ್ಪ," ಎಂದ ಸಂಜೀವಯ್ಯ. "ಜೇನು ಇಲ್ವಾ? ಹುಣಸೇಹಣ್ಣು ಇಲ್ವಾ? ಉಪ್ಪಿನಕಾಯಿ ಇಲ್ವಾ? ಕೆಟ್ಟಿರಬಾರದು, ಅಷ್ಟೇಯ. ಕೆಟ್ಟಿಲ್ಲ ಅಂತ ಯಾರು ಹೇಳ್ತೀರಿ?"

ಎಲ್ಲರ ಕಣ್ಣುಗಳೂ ತಾವಾಗಿ ಜಗುಲಿಯ ಮೇಲೆ ಹೋದವು. ಹೇಳಬಲ್ಲವಳು ಅಲ್ಲಿ ಕಣ್ಣು ಮುಚ್ಚಿ ಮಲಗಿದ್ದಳು.

"ಬೇಕಾದ್ರೆ ನಾನು ನೋಡಿ ಹೇಳ್ತೀನಿ," ಎಂದು ಹಿಂದಿನ ಸಾಲಿನಿಂದ ಒಬ್ಬ ಎದ್ದ. ಅವನ ಬೆನ್ನಿಗೇ ಇನ್ನಿಬ್ಬರು ಎದ್ದರು.

"ಕೂತ್ಕಳ್ರಿ!" ಸಂಜೀವಯ್ಯ ಗದರಿದ. "ಎಡೆ ಪದಾರ್ಥನ ಯಾರಾದ್ರೂ ರುಚಿ ನೋಡ್ತಾರಾ? ನೀವು ಬಾಯಿಗೆ ಹಾಕ್ಕಂಡ್ರೆ ಅದು ನಿಮ್ಮ ಎಂಜಲಾಯ್ತು. ಎಂಜಲು ಹೆಂಗೆ ಕೊಡೋದು?"

"ನೋಡ್ದಲೆ ಕೊಟ್ರೆ ಕೆಟ್ಟಿದ್ದೇನೋ ಅನ್ನೋ ಭಯ. ನೋಡಿದ್ರೆ ಎಂಜಲು," ಎಂದ ಓಬಳಯ್ಯ ಸಮಾಧಾನದಿಂದ. "ಅಲ್ಲಿಗೆ ಮುಗೀತಲ್ಲ ಬಾವ?"

"ಬಿರಡೆ ತೆಗೀದಲೆ ಸೀಸೇನೇ ಪಕ್ಕದಲ್ಲಿ ಇಟ್ಟು ಮಣ್ಣು ಮುಚ್ಚಿದ್ರೆ?" ಎಂದು ಯಾರೋ ಕೇಳಿದರು.

"ಇಡು," ಎಂದಳು ನರಸಿಂಹಮ್ಮ. "ಕತ್ತಲಾಗ್ತಲೂ ಈ ಮೂರು ಜನ ಗುದ್ದಲಿ ಹಿಡ್ಕಂಡು ಬತ್ತಾರೆ."

ಅಂಗಳದಲ್ಲಿ ನಗು ಎದ್ದಿತು. ಸಾವಿನ ಮನೆ ಎಂಬುದು ನೆನಪಾಗಿ ಎಲ್ಲರೂ ಬಾಯಿಗೆ ಸೆರಗು, ವಸ್ತ್ರ ಅಡ್ಡ ಹಿಡಿದರು. ಪಾಲಪ್ಪ ಮಾತ್ರ ನಗಲಿಲ್ಲ. ಸೀಸೆಯ ಕುತ್ತಿಗೆಯನ್ನು ಎರಡು ಕೈಯಲ್ಲೂ ಹಿಡಿದುಕೊಂಡಿದ್ದ. ನರಸಿಂಹಮ್ಮ ಅವನ ಕೈಗಳನ್ನು ನೋಡಿದಳು. ನಗು ನಿಲ್ಲಿಸಿ ದಾಸಯ್ಯನ ಕಡೆ ತಿರುಗಿದಳು.

"ಸಂಜೀವಯ್ಯ, ಗಂಡನ ಎಂಜಲು ಹೆಂಡ್ತಿಗೆ ಎಂಜಲಾ? ನಲವತ್ತೈದು ವರ್ಷ ಇವ್ನು ಉಂಡ ತಟ್ಟೇಲೇ ಉಂಡೋಳು ಇವ್ಳು."

ಸಂಜೀವಯ್ಯ ಜಾಗಟೆಯ ಮೇಲೆ ಬೆರಳಾಡಿಸುತ್ತಾ ಯೋಚಿಸಿದ. "ಅದು ನಡೀತದೆ," ಎಂದ. "ಗಂಡ ನೋಡಿ ಹೇಳ್ಬೋದು."

"ಆಗ್ಲಿ," ಎಂದ ಓಬಳಯ್ಯ. "ಬಾವ ಸುಳ್ಳು ಹೇಳೋನಲ್ಲ, ಅದು ನಂಗೊತ್ತು. ಕೆಟ್ಟಿಲ್ಲ ಅಂದ್ರೆ ನಾನೇ ಸೀರೆ ಬಿಚ್ತೀನಿ. ಕೆಟ್ಟೈತೆ ಅಂದ್ರೆ ಸೀಸೆ ಚರಂಡಿಗೆ. ಏನು ಬಾವ?"

ಪಾಲಪ್ಪ ತಲೆಯಾಡಿಸಿದ. ಅರವತ್ತಾರು ವರ್ಷದಲ್ಲಿ ಅವನ ನಾಲಿಗೆ ಮೊದಲ ಸಲ ಸಾಕ್ಷಿ ಹೇಳಬೇಕಾಗಿತ್ತು.

*

ಕಲ್ಲುದೊರೆ ಇಪ್ಪತ್ತಮೂರರಲ್ಲಿ ತನ್ನ ದೇಶಕ್ಕೆ ಹಿಂದಿರುಗುವಾಗ ಉಳಿದ ಹದಿನಾರು ಸೀಸೆಗಳನ್ನು ಆಂಜಿನಮ್ಮನ ವಶಕ್ಕೆ ಬಿಟ್ಟು, "ನೀ ರುಚಿ ನೋಡು. ನನಗೆ ಬರಿ," ಎಂದು ಹೇಳಿ ಹೋದ. ಬರೆಯಲು ಬಾರದ ಆಂಜಿನಮ್ಮ ಪ್ರತಿ ಸಂಕ್ರಾಂತಿಯ ಸಂಜೆ ತಲೆಗೆ ನೀರು ಹಾಕಿಕೊಂಡು, ಗಂಡನನ್ನು ಮುಂದಿಟ್ಟುಕೊಂಡು, ಪರ್ವತಯ್ಯ ಮೇಷ್ಟ್ರ ಮನೆಗೆ ಹೋಗುತ್ತಿದ್ದಳು.

ಪರ್ವತಯ್ಯನವರು ಲಿಂಗ ಕಟ್ಟಿದವರು; ಕಾಫಿಯನ್ನೂ ಕುಡಿಯದವರು. ಆದರೂ ಇಂಗ್ಲಿಷು ಬರೆಯಬಲ್ಲವರು ಆ ಬೀದಿಯಲ್ಲಿ ಅವರೊಬ್ಬರೇ. ಮೊದಲ ವರ್ಷ ಮುಖ ಸಿಂಡರಿಸಿಕೊಂಡು ಬರೆದು, ಕೈಕಾಲು ತೊಳೆದು ವಿಭೂತಿ ಹಚ್ಚಿಕೊಂಡರು. ಪಾಯಸವನ್ನು ಪಾಯಸವೆಂದೇ ಬರೆದು ಪಕ್ಕದಲ್ಲಿ ಅರ್ಧ ಪುಟ ವಿವರಣೆ ಕೊಟ್ಟರು. ದೊರೆಯ ಉತ್ತರದಲ್ಲಿ ಅದನ್ನು ಮಾಡುವ ಬಗೆ ಹೇಗೆ ಎಂಬ ಪ್ರಶ್ನೆ ಬಂತು. ಎರಡು ಮೂರು ವರ್ಷಗಳಲ್ಲಿ ಮೇಷ್ಟ್ರು ತಾವೇ ಕೇಳತೊಡಗಿದರು: "ಕಹಿ ಮೊದಲು ಬಂತೋ, ಆಮೇಲೆ ಬಂತೋ? ಹೋದ ವರ್ಷಕ್ಕಿಂತ ಗಟ್ಟಿಯೋ, ತೆಳುವೋ?" ಒಂದು ತೊಟ್ಟೂ ಮುಟ್ಟದೆ ಅವರಷ್ಟು ಬೀರು ತಿಳಿದವರು ಮೈಸೂರು ಸೀಮೆಯಲ್ಲೇ ಇರಲಿಲ್ಲವೇನೋ.

ಇಪ್ಪತ್ತೇಳನೇ ಇಸವಿಯ ಸೀಸೆ ಎಲ್ಲಕ್ಕಿಂತ ಚೆನ್ನಾಗಿತ್ತು. ಅಂದು ಆಂಜಿನಮ್ಮ ಜಗುಲಿಯ ಮೂಲೆಯಲ್ಲಿ ಕಣ್ಣು ಮುಚ್ಚಿ ಕೂತು ಹೇಳಿದಳು. ಕಹಿ ಬಾಗಿಲಲ್ಲಿ ಮಲಗಿದ ನಾಯಿ ಥರ. ಹೆದರದೆ ದಾಟಿ ಒಳಕ್ಕೆ ಹೋಗಬೇಕು. ಒಳಗೆ ಮೂರು ವರ್ಷದ ಹುಣಸೆ. ಆಮೇಲೆ ಹುರಿದ ಎಳ್ಳು ಎಂದು ಮೇಷ್ಟ್ರು ಬಾಯಲ್ಲಿ ಹೇಳಿಕೊಳ್ಳುತ್ತಾ ಬರೆದರು.

"ಎಳ್ಳಲ್ಲ, ಹುಚ್ಚೆಳ್ಳು ಅಂದಳು. ಸರಿಯಾಗಿ ಕೇಳಿಸಿಕೊಂಡು ಬರೀರಿ," ಎಂದು ಬಾಗಿಲ ಹಿಂದಿನಿಂದ ಮೇಷ್ಟ್ರ ಹೆಂಡತಿ ಚನ್ನಮಲ್ಲಮ್ಮನವರ ದನಿ ಬಂತು. ಬೀರಿನ ಕಾಗದ ಮನೆಯೊಳಗೆ ಬರೆಯಕೂಡದೆಂದು ಗಂಡನನ್ನು ಜಗುಲಿಗೆ ಅಟ್ಟಿದವರು ಅವರೇ. ಒಂದಕ್ಷರ ತಪ್ಪಿಸಿಕೊಳ್ಳದೆ ಕೇಳುತ್ತಿದ್ದವರೂ ಅವರೇ.

ಹುಚ್ಚೆಳ್ಳಾದ ಮೇಲೆ ಸಿರಾ ಸಂತೆಯ ಖರ್ಜೂರ. ಕಟ್ಟಕಡೆಗೆ, ಹೊಸ ಎಕ್ಕಡ, ಆ ಹಸಿ ತೊಗಲಿನ ವಾಸನೆ. ಮೇಷ್ಟ್ರು ಲೇಖನಿ ಎತ್ತಿ ಎರಡು ಸಲ ಕೇಳಿ ಖಚಿತಪಡಿಸಿಕೊಂಡು ಹಾಗೆಯೇ ಬರೆದರು.

ಪಾಲಪ್ಪ ಅಕ್ಷರ ಅಕ್ಷರವನ್ನೂ ನೆನಪಿಟ್ಟುಕೊಳ್ಳುತ್ತಿದ್ದ. ಆದರೆ ಒಳಗೊಳಗೇ ಅವನಿಗೊಂದು ಅನುಮಾನ. ಇಷ್ಟೆಲ್ಲ ಒಂದು ಚಮಚದೊಳಗೆ ಇರಲು ಸಾಧ್ಯವೇ? ದೊರೆಗೆ ಖುಷಿಯಾಗಲಿ ಎಂದು ಇವಳೇ ಕಟ್ಟಿ ಹೇಳುತ್ತಿರಬಹುದೇ? ಕೇಳಿದರೆ ನೊಂದುಕೊಂಡಾಳೆಂದು ಕೇಳಿರಲಿಲ್ಲ.

ಈ ಸಲ ಜ್ವರ ಬಂದು ಮಲಗಿದ ಎರಡನೆಯ ದಿನ ಅವಳು ಹೇಳಿದಳು: "ಕೊನೇದು ಕಾಗದಕ್ಕೆ ಬ್ಯಾಡ. ಹತ್ತೊಂಬತ್ತು ಸೀಸೆ ಚಮಚದಾಗೆ ನೆಕ್ಕಿದ್ದೀನಿ. ಇದನ್ನ ನಂಗೇ ಅಂತ ಕೊಡು. ಒಂದು ಲೋಟ ಪೂರ್ತಿ."

"ಕೊಡ್ತೀನಿ ಬುಡು."

"ಈಗ್ಲೇ ತಗಿ."

"ಸಂಕ್ರಾಂತಿ ಬರ್ಲಿ ಕಣೇ. ಹತ್ತು ದಿನ ಐತೆ. ಇಷ್ಟು ವರ್ಷ ಒಂದು ದಿನ ಹಿಂದೆ ಮುಂದೆ ಮಾಡಿಲ್ಲ."

"ನೀನೊಬ್ಬ ಮೇಟಿ," ಎಂದು ಅವಳು ನಕ್ಕು ಗೋಡೆಯ ಕಡೆ ಹೊರಳಿಕೊಂಡಳು. ಎರಡು ದಿನ ಕಳೆದ ಮೇಲೆ, ಸಂಕ್ರಾಂತಿಗೆ ಇನ್ನೂ ಎಂಟು ದಿನವಿದ್ದಾಗ, ಹೋಗಿಬಿಟ್ಟಳು.

*

ಪಾಲಪ್ಪ ಬಿರಡೆಗೆ ತಿರುಪು ಹಾಕಿದ. ಬಿರಡೆ ಅರ್ಧಕ್ಕೆ ಮುರಿದು, ಉಳಿದರ್ಧ ಒಂದು ಸಣ್ಣ ನಿಟ್ಟುಸಿರಿನೊಂದಿಗೆ ಹೊರಬಂತು. ಮುಂದಿನ ಸಾಲಿನವರೆಲ್ಲ ಕತ್ತು ಚಾಚಿದರು.

"ಮೂಗು ಹಿಂದಕ್ಕೆ!" ಎಂದು ಸಂಜೀವಯ್ಯ ಗದರಿದ. "ಎಡೆ ಪದಾರ್ಥ ಮೂಸಬಾರದು!"

ಪಾಲಪ್ಪ ಹಿತ್ತಾಳೆ ಲೋಟಕ್ಕೆ ಸುರಿದ. ಇದ್ದಿಲು ತೊಳೆದ ನೀರಿನಂಥ ಕಪ್ಪು. ಅಂಚಿನಲ್ಲಿ ಒಂದಿಷ್ಟು ಕಂದು ನೊರೆ ಎದ್ದು ಹಾಗೇ ಅಡಗಿತು. ಲೋಟದಿಂದ ಸ್ವಲ್ಪ ಅಂಗೈಗೆ ಬಗ್ಗಿಸಿಕೊಂಡು ಬಾಯಿಗೆ ಹಾಕಿಕೊಂಡ.

ಕಹಿ. ಬೇವಿನ ಕಷಾಯದ ಹಾಗೆ ಕಹಿ. ಅವಳು ಮಾಡುತ್ತಿದ್ದಂತೆ ಕಣ್ಣು ಮುಚ್ಚಿ, ನಾಲಿಗೆಯನ್ನು ಅಂಗುಳಿಗೆ ಒತ್ತಿ ಕಾದ. ಒಳಗಿನಿಂದ ಏನೋ ಬರಬೇಕು. ಹುಳಿಯೇ? ಇರಬಹುದು. ಅದು ಇರಬೇಕಾದ ಹುಳಿಯೋ, ಕೆಟ್ಟ ಹುಳಿಯೋ? ಹುಣಸೆ ಬರಲಿಲ್ಲ. ಖರ್ಜೂರ ಬರಲಿಲ್ಲ. ಕಹಿಯೊಂದೇ ಬಾಯಿತುಂಬಾ ಕೂತಿತ್ತು. ಕಣ್ಣು ತೆರೆದು ಹೆಂಡತಿಯ ಮುಖ ನೋಡಿದ. ಇದರೊಳಗಿಂದ ಅಷ್ಟೆಲ್ಲವನ್ನೂ ಹೇಗೆ ತೆಗೆದೆ ನೀನು?

"ಹೇಳು ಬಾವ. ಕೆಟ್ಟೈತಾ?"

ಪಾಲಪ್ಪ ಬಾಯಿ ತೆರೆದ. ಗೊತ್ತಿಲ್ಲ ಎಂದು ಹೇಳಬೇಕೆಂದಿದ್ದ. ಹೊರಗೆ ಬಂದದ್ದು ಬೇರೆ.

"ಮೊದ್ಲು ಕಹಿ. ಅದು ಬಾಗಿಲಾಗೆ ಮಲಗಿರೋ ನಾಯಿ ಥರ, ಹೆದರ್ಕಬಾರ್ದು, ದಾಟಿ ಹೋಗ್ಬೇಕು. ಒಳಗೆ ಹುಣಸೆ, ಮೂರು ವರ್ಷದ್ದು. ಆಮೇಲೆ ಹುಚ್ಚೆಳ್ಳು. ಹುರಿದು ಬಾಣಲೆ ಕೆಳಗಿಟ್ಟ ಮೇಲೂ ಬತ್ತದಲ್ಲ, ಆ ಘಮ. ಕೊನೇಗೆ ಸಿರಾ ಸಂತೆ ಖರ್ಜೂರ. ಬೀಜ ಉಗಿದ್ರೂ ನಾಲಿಗೆ ಮ್ಯಾಲೆ ಸಿಹಿ ಉಳೀತದೆ."

ಅವಳು ಎಲ್ಲೆಲ್ಲಿ ನಿಲ್ಲಿಸುತ್ತಿದ್ದಳೋ ಅಲ್ಲಲ್ಲೇ ಅವನೂ ನಿಲ್ಲಿಸಿದ್ದ. ನರಸಿಂಹಮ್ಮ, ಬೆಳಗಿನಿಂದ ಎಲ್ಲರಿಗೂ ಧೈರ್ಯ ಹೇಳುತ್ತಿದ್ದವಳು, ಹೋ ಎಂದು ಅತ್ತುಬಿಟ್ಟಳು.

"ಅಕ್ಕಯ್ಯ ಮಾತಾಡ್ದಂಗೇ ಐತಲ್ಲಪ್ಪಾ," ಎಂದ ಓಬಳಯ್ಯ.

ಹಿಂದೆ, ಹುಣಸೇಮರದ ಕೆಳಗೆ ಕೊಡೆ ಹಿಡಿದು ನಿಂತಿದ್ದ ಪರ್ವತಯ್ಯ ಮೇಷ್ಟ್ರು ಮಾತ್ರ ತಲೆಯೆತ್ತಿ ಪಾಲಪ್ಪನನ್ನು ನೋಡಿದರು. ಪಾಲಪ್ಪನ ಕಣ್ಣೂ ಅವರ ಕಡೆಗೇ ಹೋಯಿತು. ಮೇಷ್ಟ್ರು ಒಂದು ಸಲ ಕೆಮ್ಮಿದರು. ಏನೋ ಹೇಳುತ್ತಾರೆಂದು ಪಕ್ಕದವರು ತಿರುಗಿ ನೋಡಿದಾಗ, "ಬಿಸಿಲು ಬಹಳ," ಎಂದು ಕೊಡೆಯನ್ನು ಮುಖಕ್ಕೆ ಅಡ್ಡ ಮಾಡಿಕೊಂಡರು.

ಓಬಳಯ್ಯ ಸೀರೆಯ ಗಂಟು ಬಿಚ್ಚಿದ. ಕುತ್ತಿಗೆಯ ತುಳಸಿ ಮಣಿಯನ್ನು ತೆಗೆದು, "ಒಂದು ಚಣ ಇಟ್ಕಳಪ್ಪ," ಎಂದು ಸಂಜೀವಯ್ಯನ ಕೈಗೆ ಕೊಟ್ಟ. ಮೊದಲ ಗುಟುಕು ತವರಿನವನ ಕೈಯಿಂದಲೇ ಆಗಬೇಕು ಎಂದು ಹೇಳಿ ಲೋಟವನ್ನು ಇಸಿದುಕೊಂಡು ಅಕ್ಕನ ತುಟಿಗೆ ತಾನೇ ಮೂರು ತೊಟ್ಟು ಬಿಟ್ಟ. ಆಮೇಲೆ ಸಂಜೀವಯ್ಯನಿಗೆ ಶಂಖ ಊದುವುದು ನೆನಪಾಯಿತು.

ಅವಳನ್ನು ಗುಂಡಿಗೆ ಇಳಿಸಿದ ಮೇಲೆ ಲೋಟದಲ್ಲಿ ಉಳಿದಿದ್ದನ್ನು ಪಾಲಪ್ಪ ಅವಳ ತಲೆಯ ಪಕ್ಕದಲ್ಲಿ, ಒಂದು ಹನಿಯೂ ಆಚೆ ಹೋಗದಂತೆ, ನಿಧಾನವಾಗಿ ಸುರಿದ. ಸೀಸೆಯಲ್ಲಿದ್ದುದನ್ನೂ ಲೋಟಕ್ಕೆ ಬಗ್ಗಿಸಿ ಸುರಿದ. ರುಚಿ ನೋಡಲು ಎದ್ದಿದ್ದ ಆ ಮೂವರು ಗಂಡಸರು ಬಹಳ ಹೊತ್ತು ಆ ಒದ್ದೆ ಮಣ್ಣನ್ನೇ ನೋಡುತ್ತಿದ್ದರು.

*

ಎಲ್ಲ ಮುಗಿದು, ಮಿಂದು, ಬಂದವರು ಚದುರಿದಾಗ ಬೆಟ್ಟದ ಬಂಡೆಯ ಮೇಲೆ ಇಳಿಬಿಸಿಲಿತ್ತು. ಓಬಳಯ್ಯ ಅಂಗಳದ ಚಾಪೆಯಲ್ಲಿ ಗೊರಕೆ ಹೊಡೆಯುತ್ತಿದ್ದ. ಪಾಲಪ್ಪ ಬಾಗಿಲ ಮೆಟ್ಟಿಲ ಮೇಲೆ ಕೂತಿದ್ದ. ಮೇಷ್ಟ್ರು ಬಂದು ಕೊಡೆ ಮಡಿಸಿ ಪಕ್ಕದಲ್ಲಿ ಕೂತರು.

"ಒಂದು ಬಿಟ್ಟುಬಿಟ್ಟೆ ಪಾಲಪ್ಪ."

"ಏನು ಮೇಷ್ಟ್ರೆ?"

"ಇಪ್ಪತ್ತೇಳನೇ ಇಸವಿ ಕಾಗದದಲ್ಲಿ ಖರ್ಜೂರ ಆದಮೇಲೆ ಹೊಸ ಎಕ್ಕಡ ಅಂತ ಇತ್ತು."

ಪಾಲಪ್ಪ ತಲೆ ತಗ್ಗಿಸಿದ. "ಸತ್ತೋಳ ಬಾಯಿಗೆ ಎಕ್ಕಡ ಅನ್ನಕ್ಕೆ ಮನಸ್ಸು ಬರ್ಲಿಲ್ಲ." ಮೆಟ್ಟಿಲ ಮೇಲಿನ ಧೂಳನ್ನು ಬೆರಳಲ್ಲಿ ಒರೆಸುತ್ತಾ ಹೇಳಿದ: "ನಂಗೆ ಗೊತ್ತಾಗಿದ್ದು ಕಹಿ ಒಂದೇ ಮೇಷ್ಟ್ರೆ. ಕೆಟ್ಟಿತ್ತೋ ಇಲ್ವೋ, ಅವ್ಳಿಗೇ ಗೊತ್ತು. ಅವ್ಳು ಕೇಳಿದ್ ದಿನವೇ ತಗ್ದಿದ್ರೆ ಹೇಳಿರೋಳು."

ಮೇಷ್ಟ್ರು ಕೊಡೆಯ ಹಿಡಿಯನ್ನು ತಿರುಗಿಸುತ್ತಾ ಕೂತಿದ್ದವರು, "ನಾನೂ ಒಂದು ಹೇಳಬೇಕು," ಎಂದರು. "ಮೂವತ್ತೊಂದರ ಸಂಕ್ರಾಂತಿಗೆ ಸ್ವಲ್ಪ ಮುಂಚೆ ದೊರೆಯ ತಂಗಿ ಕಾಗದ ಬರೆದಿದ್ದಳು, ಅವನು ತೀರಿಹೋದ ಅಂತ. ಸಂಕ್ರಾಂತಿ ದಿನ ಹೇಳೋಣ ಅಂದುಕೊಂಡೆ. ನಿಮ್ಮವಳು ತಲೆಗೆ ನೀರು ಹಾಕಿಕೊಂಡು, ಮಾತೆಲ್ಲ ಸಿದ್ಧ ಮಾಡಿಕೊಂಡು ಬಂದು ಕೂತಳು. ಹೇಳೋಕೆ ಆಗಲಿಲ್ಲ. ಆಮೇಲಿನ ಕಾಗದಗಳನ್ನೆಲ್ಲ ಬರೆದೆ. ಅಂಚೆಗೆ ಹಾಕಲಿಲ್ಲ. ಪೆಟ್ಟಿಗೆಯಲ್ಲಿವೆ."

"ಗೊತ್ತು ಮೇಷ್ಟ್ರೆ."

"ಗೊತ್ತಾ?"

"ಮುಂಚೆ ನೀವು ಲಕೋಟೆ ಅಂಟಿಸಕ್ಕೆ ಒಳಗಿಂದ ಒಂದು ಅನ್ನದ ಅಗುಳು ಕೇಳ್ತಿದ್ರಿ. ಆ ವರ್ಷದಿಂದ ಕೇಳ್ಲಿಲ್ಲ. ಮನೆಗೆ ಬತ್ತಾ ದಾರೀಲಿ ಇವ್ಳೇ ಹೇಳಿದ್ಲು, 'ದೊರೆ ಹೋಗ್ಬುಟ್ಟವ್ರೆ ಕಣೋ. ನೀನೇನೂ ಕೇಳ್ಬ್ಯಾಡ, ಮೇಷ್ಟ್ರು ನೊಂದ್ಕತಾರೆ' ಅಂತ."

ಎಂಟು ಸಂಕ್ರಾಂತಿ ಮೂರೂ ಜನ ಒಂದೇ ಜಗುಲಿಯಲ್ಲಿ ಕೂತು ಸತ್ತವನಿಗೆ ಕಾಗದ ಬರೆದಿದ್ದರು. ಮೇಷ್ಟ್ರ ಹೊಟ್ಟೆ ಅಲುಗತೊಡಗಿತು. ಪಾಲಪ್ಪನಿಗೂ ತಡೆಯಲಾಗಲಿಲ್ಲ. ಇಬ್ಬರು ಮುದುಕರೂ ಸದ್ದಿಲ್ಲದೆ, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಪಾಲಪ್ಪನ ನಗು ನಡುವೆ ಎಲ್ಲೋ ಬೇರೆಯಾಗಿ, ಅವನು ವಸ್ತ್ರದಿಂದ ಮುಖ ಮುಚ್ಚಿಕೊಂಡ.

ವಸ್ತ್ರ ತೆಗೆದಾಗ ಎದುರಿಗೆ ಚನ್ನಮಲ್ಲಮ್ಮನವರು ನಿಂತಿದ್ದರು. ತಲೆತುಂಬ ಸೆರಗು. ಬಂಗಲೆಯ ಗೇಟನ್ನು ಅವರು ಎಂದೂ ದಾಟಿದವರಲ್ಲ. ಕೈಯಲ್ಲಿ ಹೊರಗಿನವರಿಗೆ ಕೊಡುವ ಎಲೆಯಿರಲಿಲ್ಲ, ತಮ್ಮ ಮನೆಯಲ್ಲಿ ಉಣ್ಣುವ ಕಂಚಿನ ತಟ್ಟೆಯೇ ಇತ್ತು. ಅದರಲ್ಲಿ ಹಬೆಯಾಡುವ ಮುದ್ದೆ, ಸುತ್ತಲೂ ಅವರೆಕಾಳಿನ ಸಾರು. ಅವರು ಬಗ್ಗಿ ತಟ್ಟೆಯನ್ನು ಪಾಲಪ್ಪನ ಕೈಗೆ ಕೊಟ್ಟರು. ತಟ್ಟೆ ಒಂದು ಕಡೆಗೆ ವಾಲಿತು. ಸಾರು ಅಂಚಿಗೆ ಬಂದು ನಿಂತಿತು. ಚನ್ನಮಲ್ಲಮ್ಮನವರು ತಟ್ಟೆಯ ಅಡಿಗೆ ತಮ್ಮ ಅಂಗೈಯನ್ನು ಕೊಟ್ಟು, ಅವನ ಹಿಡಿತ ಗಟ್ಟಿಯಾಗುವವರೆಗೆ ಹಾಗೇ ನಿಂತಿದ್ದರು.